ಚಿಹಾರು ಬರೆದ ಹೆಂಚು

ಹಗಿಮೊರಿ ಕೋಟೆಯ ಟಿಕೆಟ್ ಕಿಟಕಿಯವರಿಗೆ ಕಿನುಯೊ ಶಿಬಾಗಾಕಿ ಗೊತ್ತು. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಎರಡು ರೈಲು ಬದಲಿಸಿ ಬರುತ್ತಾರೆ. ಟಿಕೆಟ್ ಕೊಳ್ಳುತ್ತಾರೆ, ಆದರೆ ಗೋಪುರದ ಮೆಟ್ಟಿಲು ಹತ್ತುವುದಿಲ್ಲ. ಅಂಗಳದಲ್ಲಿ ನಿಂತು ಮೂರನೇ ಅಂತಸ್ತಿನ ಪಶ್ಚಿಮದ ಹೆಂಚಿನ ಮಾಡನ್ನು ಅರ್ಧ ಗಂಟೆ ನೋಡಿ ಹೊರಟುಬಿಡುತ್ತಾರೆ. ನಲವತ್ತೆರಡು ವರ್ಷಗಳಿಂದ ಹೀಗೆಯೇ.

ಹಿಂದಿನ ಸಲ ಆ ಮಾಡಿಗೆ ಹೆಂಚು ಹೊದಿಸಿದಾಗ ಅವರು ಇದೇ ಊರಿನಲ್ಲಿದ್ದರು. ಮನೆಗೊಂದರಂತೆ ಊರವರು ಹೆಂಚು ಕೊಟ್ಟಿದ್ದರು. ಕೊಟ್ಟವರು ಅದರ ಬೆನ್ನಿಗೆ ಶಾಯಿಯಲ್ಲಿ ಹೆಸರು ಬರೆಯಬಹುದಿತ್ತು. ಶಿಬಾಗಾಕಿಯವರ ಹೆಂಚಿಗೆ ಬರೆದವಳು ಮಗಳು ಚಿಹಾರು. ಏಳು ವರ್ಷ. ತಾಯಿ ಕಿನುಯೊ ಇಣುಕಿದಾಗ ತೋಳು ಅಡ್ಡವಿಟ್ಟು ಮರೆಮಾಡಿದಳು.

"ಹೋಗಮ್ಮ, ನಾನು ಹೇಳ್ತಿರೋದು ಹೆಂಚಿಗೆ. ನಿನಗಲ್ಲ."

ಆ ಚಳಿಗಾಲದಲ್ಲಿ ಜ್ವರ ಬಂದು ಚಿಹಾರು ತೀರಿಕೊಂಡಳು. ಹೋದವರ ಪ್ರೀತಿಯ ವಸ್ತುಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಜೊತೆಗೇ ಸುಡುವುದು ಅಲ್ಲಿನ ರೂಢಿ. ಮಗುವಿಗೆ ಬೇಸರವಾಗದಿರಲಿ ಎಂದು ಕಿನುಯೊ ಅವಳ ನೋಟ್‌ಪುಸ್ತಕಗಳನ್ನೂ ಚಿತ್ರದ ಹಾಳೆಗಳನ್ನೂ ಒಂದೂ ಬಿಡದೆ ಒಳಗಿಟ್ಟರು. ವಾರದ ಮೇಲೆ ಮನೆಯೆಲ್ಲ ಹುಡುಕಿದರೆ ಮಗಳ ಕೈಬರಹದ ಒಂದು ಚೂರೂ ಸಿಗಲಿಲ್ಲ. ಉಳಿದದ್ದು ಮಾಡಿನ ಮೇಲೆ ಕವುಚಿ ಮಲಗಿದ್ದ ಆ ಹೆಂಚಿನಲ್ಲಿ ಮಾತ್ರ.

ಕಳೆದ ವರ್ಷ ಮಾಡಿನ ದುರಸ್ತಿ ಸುದ್ದಿ ಬಂದಾಗ ಅವರು ಕೋಟೆಯ ಕಚೇರಿಗೆ ಕಾಗದ ಬರೆದರು. ಹೆಂಚಿನ ಮೇಸ್ತ್ರಿ ಟೊಕುನಾಗಾ ಆ ಹೆಂಚನ್ನು ಹುಡುಕಿ ತೆಗೆದಿಟ್ಟು ಕರೆಸಿದರು. ನಿಯಮ ಸರಳ: ಇಳಿಸಿದ ಪ್ರತಿ ಹೆಂಚನ್ನೂ ಸಣ್ಣ ಸುತ್ತಿಗೆಯಿಂದ ಬಡಿದು ನೋಡುತ್ತಾರೆ. ಗಟ್ಟಿಯಿದ್ದದ್ದು ಮತ್ತೆ ಮಾಡಿಗೆ ಹೋಗುತ್ತದೆ. ಬಿರುಕು ಬಿಟ್ಟದ್ದನ್ನು ಕೊಟ್ಟವರು ಮನೆಗೆ ಒಯ್ಯಬಹುದು.

ಟೊಕುನಾಗಾ ಹೆಂಚನ್ನು ಮಗುಚಿದರು. ಮಾಸಿದ, ಓರೆಕೋರೆ ಅಕ್ಷರಗಳು: 'ಚಿಹಾರು, ಒಂದನೇ ತರಗತಿ. ಮಳೆಯನ್ನು ಒಳಗೆ ಬಿಡಬೇಡ.' ಪಕ್ಕದಲ್ಲಿ ಶಾಯಿಯ ಒಂದು ಪುಟ್ಟ ಹೆಬ್ಬೆರಳ ಗುರುತು.

ಕಿನುಯೊ ಅದನ್ನು ಎರಡು ಸಲ ಓದಿದರು. ಆಮೇಲೆ, "ಬಡೀರಿ" ಎಂದರು.

ಗಂಟೆಯಂತೆ ಸ್ಪಷ್ಟವಾದ ಸದ್ದು.

"ಇನ್ನೊಂದ್ಸಲ. ಆ ಮೂಲೇಲಿ."

ಅದೇ ಸದ್ದು. "ಗಟ್ಟಿ ಇದೆ ಅಕ್ಕ. ನನ್ನ ಮಂಡಿಗೆ ಬಡಿದ್ರೆ ಇಷ್ಟು ಚೆನ್ನಾಗಿ ಕೇಳ್ಸಲ್ಲ" ಎಂದ ಟೊಕುನಾಗಾ, ಕಿನುಯೊ ಮುಖ ನೋಡಿ ಸುತ್ತಿಗೆ ಕೆಳಗಿಟ್ಟರು. "ಒಡೆದಿದೆ ಅಂತ ಬರ್ಕೊಂಡುಬಿಡ್ಲಾ? ಸದ್ದು ಕೇಳಿದ್ದು ನಾವಿಬ್ರೇ."

"ಮೇಲೆ ಹೋದ್ರೆ ಎಲ್ಲಿ ಕೂರಿಸ್ತೀರಿ?"

"ಹಳೇವೆಲ್ಲ ಉತ್ತರದ ಕಡೆಗೆ. ಅಂಗಳದಿಂದ ಕಾಣಲ್ಲ."

"ಮತ್ತೆ ಇಳಿಸೋದು?"

"ಐವತ್ತು ವರ್ಷ ಆಗ್ಬೋದು. ಅಷ್ಟೊತ್ತಿಗೆ ನಾನೂ ಇರಲ್ಲ, ನೀವೂ ಇರಲ್ಲ."

ಕಿನುಯೊ ಆ ಶಾಯಿಯ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಟ್ಟರು. ಅದು ಪೂರ್ತಿ ಮುಚ್ಚಿಹೋಯಿತು.

"ಆವತ್ತು ಅವಳ ಸಾಮಾನೆಲ್ಲ ನಾನೇ ಬಾಚಿ ಒಳಗೆ ಹಾಕ್ದೆ. ಅವಳನ್ನ ಒಂದು ಮಾತೂ ಕೇಳ್ಲಿಲ್ಲ. ಇದನ್ನಾದ್ರೂ ಅವಳಿಟ್ಟ ಕಡೆಗೇ ಕಳ್ಸಿ."

ಮೇಸ್ತ್ರಿ ಫೋಟೊ ತೆಗೆದುಕೊಟ್ಟರು. ಅದು ಈಗ ಅವರ ಮನೆಯ ಪೂಜೆಯ ಗೂಡಿನಲ್ಲಿದೆ. ಹೆಬ್ಬೆರಳ ಗುರುತು ಅದರಲ್ಲಿ ಸರಿಯಾಗಿ ಮೂಡಿಲ್ಲ.

ಈ ಏಪ್ರಿಲ್‌ನಲ್ಲೂ ಕಿನುಯೊ ಬಂದರು. ರೂಢಿಯಂತೆ ಅಂಗಳದಲ್ಲಿ ನಿಂತು ಪಶ್ಚಿಮಕ್ಕೆ ತಲೆಯೆತ್ತಿದರು. ಅಲ್ಲಿದ್ದವು ಹೊಸ, ಕಪ್ಪು ಹೆಂಚುಗಳು. ಹೊರಬಂದು ಕಂದಕದ ಸುತ್ತ ನಡೆದು ಉತ್ತರದ ರಸ್ತೆಗೆ ಹೋದರು. ಪೈನ್ ಮರಗಳ ನಡುವೆ ಮಾಡಿನ ಒಂದು ಅಂಚು ಮಾತ್ರ ಕಾಣುತ್ತಿತ್ತು. ಆ ರಸ್ತೆಯಲ್ಲಿ ನಿಲ್ಲಲು ಟಿಕೆಟ್ ಬೇಕಿಲ್ಲ. ಆದರೂ ಹೊರಡುವ ಮುನ್ನ ಟಿಕೆಟ್ ಕಿಟಕಿಯವರಿಗೆ, "ಮುಂದಿನ ವರ್ಷವೂ ಕೊಳ್ತೀನಿ, ಮಾಡಿನ ಖರ್ಚಿಗಾಗುತ್ತೆ" ಎಂದರು.