ಎಲೆ ಹಿಡಿಯದ ಸಿದ್ದರಾಮ

ಘೋಣಸಗಿಯ ಸಿದ್ದರಾಮನನ್ನು ಯಾವ ಪಾರ್ಟಿ ಎಂದು ಕೇಳಿದರೆ ಎಲೆಗೆ ನೀರು ಚಿಮುಕಿಸುತ್ತ ನಕ್ಕುಬಿಡುತ್ತಿದ್ದ. ವಿಜಯಪುರದ ಗಾಂಧಿ ಚೌಕದಲ್ಲಿ ವೀಳ್ಯದೆಲೆ ಮಾರುವವನು ಯಾರನ್ನೂ ಎದುರು ಹಾಕಿಕೊಳ್ಳುವಂತಿಲ್ಲ. ಊರಿನ ಎರಡೂ ಪಾರ್ಟಿಯವರ ಮದುವೆ, ಸೀಮಂತಗಳಿಗೆ ಎಲೆ ಹೋಗುತ್ತಿದ್ದದ್ದು ಅವನ ಬುಟ್ಟಿಯಿಂದಲೇ. ಇಂಥವನನ್ನು ಜನ ಒಳ್ಳೆಯವನು ಎನ್ನುತ್ತಾರೆ. ನನಗಂತೂ ಅವನ ಆ ನಗು ಕಂಡರೆ ಮೈ ಉರಿಯುತ್ತಿತ್ತು.

ಈ ಸಲದ ಪಂಚಾಯ್ತಿ ಚುನಾವಣೆಗೆ ಬಡಿದಾಟ ಬೇಡವೆಂದು ಎರಡೂ ಪಾರ್ಟಿಯವರು ಅವನನ್ನೇ ಅವಿರೋಧವಾಗಿ ಆರಿಸಲು ಒಪ್ಪಿದರು. ಸಂಜೆ ಗುಡಿಯ ಕಟ್ಟೆಗೆ ಕರೆಸಿದರು. ಒಂದು ಪಾರ್ಟಿಯ ಹಣಮಂತರಾಯ, ಇನ್ನೊಂದು ಪಾರ್ಟಿಯ ಬಸಲಿಂಗಯ್ಯ ಅಕ್ಕಪಕ್ಕ ಕೂತಿದ್ದರು. ಎದುರಿಗೆ ತಾಟಿನಲ್ಲಿ ಎಲೆ, ಅಡಿಕೆ. ನಮ್ಮಲ್ಲಿ ಹಿರಿಯರ ಮುಂದೆ ಎಲೆ ಹಿಡಿದರೆ ಮಾತು ಕೊಟ್ಟಂತೆ, ಆಮೇಲೆ ತಿರುಗುವ ಹಾಗಿಲ್ಲ.

ಸಿದ್ದರಾಮ ಕೈ ಚಾಚಿದ. ಆಗ ಹಣಮಂತರಾಯ ಒಂದು ಕರಾರು ಹೇಳಿದ. ದಲಿತರ ಓಣಿಗೆ ಮಂಜೂರಾಗಿದ್ದ ನೀರಿನ ಟಾಕಿಯನ್ನು ಗುಡಿಯ ಹಿಂದೆ ಕಟ್ಟಿಸುತ್ತಾರಂತೆ, ಸಿದ್ದರಾಮ ಅಡ್ಡ ಬರಬಾರದಂತೆ. ಆ ಓಣಿಯವರು ಗುಡಿಯ ಹಿಂದೆ ಕೊಡ ಹಿಡಿದು ನಿಂತರೆ ಏನಾಗುತ್ತದೆಂದು ಕಟ್ಟೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ದಿನಾ ಸಿದ್ದರಾಮನ ಜೊತೆ ಬಸ್ಸಿನಲ್ಲಿ ಚೌಕಕ್ಕೆ ಹಮಾಲಿಗೆ ಹೋಗುವ ಗೆಳೆಯ ರಾಯಪ್ಪನ ಮನೆ ಅದೇ ಓಣಿಯಲ್ಲಿತ್ತು.

"ನೀ ನಡುವಿನಾಂವ. ಹೂಂ ಅಂದ್ರ ಮುಗೀತು," ಎಂದ ಬಸಲಿಂಗಯ್ಯ.

ಸಿದ್ದರಾಮನ ಕೈ ತಾಟಿನ ಮೇಲೆಯೇ ನಿಂತಿತು. ಇವನೂ ಎಲೆ ಹಿಡಿದುಬಿಡುತ್ತಾನೆ ಎಂದು ಕಟ್ಟೆಯ ಮೂಲೆಯಲ್ಲಿ ನಾನು ಹಲ್ಲು ಕಚ್ಚಿ ಕೂತಿದ್ದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ನೀವಿಬ್ರೂ ಒಂದ ಕಡಿ ಆಗೀರಿ. ನಾ ನಡುವ ಇರಬೇಕಂದ್ರ ಆ ಕಡಿ ರಾಯಪ್ಪ ಕುಂಡ್ರಬೇಕಲ್ರಿ? ಟಾಕಿ ಮಂಜೂರಾದಲ್ಲೇ ಆಗ್ಲಿ. ಇದು ನನ್ನ ಮಾತು."

ನಾಳೆಯಿಂದ ಊರಿಗೆ ಎಲೆ ಬೇರೆ ಕಡೆಯಿಂದ ಬರುತ್ತದೆ ಎಂದ ಹಣಮಂತರಾಯ, ಸಿಟ್ಟೇ ಇಲ್ಲದವನ ಹಾಗೆ. ಅದನ್ನು ಕೇಳಿ ನನಗೇ ಹೆದರಿಕೆಯಾಯಿತು. ತಾನು ಬರುವ ತನಕ ಏಳಬೇಡಿರೆಂದು ಕೈ ಮುಗಿದು ಸಿದ್ದರಾಮ ನೇರ ರಾಯಪ್ಪನ ಮನೆಗೆ ನಡೆದ. ತಡೆಯಲಾರದೆ ನಾನೂ ಹಿಂದೆ ಹೋದೆ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ರಾಯಪ್ಪನ ಮುಖ ಬಿಗಿದುಕೊಂಡಿತು.

"ಅವರು ನನ್ನ ಕರೀಲಿಲ್ಲ, ಖರೆ. ನೀ ಹೋಗೂಮುಂದ ಕರದೇನು?"

ಸಿದ್ದರಾಮ ತಲೆ ತಗ್ಗಿಸಿದ. ನಗಲಿಲ್ಲ.

"ಇಲ್ಲ. ಈಗ ಕರ್ಯಾಕ ಬಂದೀನಿ."

ಓಣಿಯಲ್ಲಿ ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ರಾಯಪ್ಪ ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡೆ. ಹೆಗಲಿಗೆ ಟವೆಲು ಹಾಕಿಕೊಂಡು ಹೊರಬಂದ.

"ನಡಿ. ಅಲ್ಲಿ ನಾ ಮಾತಾಡ್ತೀನಿ," ಎಂದ. "ನೀ ನನ್ನ ಬಾಜೂಕ ಕುಂಡ್ರು."