ಹಳೇ ಬಂಗಲೆಯ ವಯಸ್ಸು

ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಒಂದು ವಾರದಿಂದ ಅಲ್ಲಿ ಗಾರೆ ಅರೆಯುವ ಗಾಣ ತಿರುಗುತ್ತಿದೆ. ಉದಕಮಂಡಲದಲ್ಲಿ ಈಗ ಎಲ್ಲರೂ ಸಿಮೆಂಟಿಗೆ ಮರುಳಾಗಿದ್ದಾರೆ. ಈ ಪುಣ್ಯಾತ್ಮ ಮಾತ್ರ ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಎಂದು ಹಳಬರ ಹಟ ಹಿಡಿದಿದ್ದಾನೆ. ಬೆಳಗಿನ ಮಂಜಿನ ಜೊತೆಗೆ ಆ ವಾಸನೆ ಕಿಟಕಿಯಿಂದ ಒಳಗೆ ಬಂದರೆ ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ. ನಾನು ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರಕ್ಕೇ ಹೋಗಿ ನಿಲ್ಲುತ್ತೇನೆ. ಹಸಿ ಸುಣ್ಣ, ಹುಳಿತ ಬೆಲ್ಲ. ಈ ವಾಸನೆಯ ಗಾರೆ ಒಮ್ಮೆ ನನ್ನ ಕಿವಿ ಹಿಂಡಿ ಬುದ್ಧಿ ಹೇಳಿದೆ. ಅದನ್ನು ನಿಮಗೆ ಹೇಳಿಬಿಡುತ್ತೇನೆ. ನಾನು ದಡ್ಡನಾದ ಸಂಗತಿಯಾದ್ದರಿಂದ ನಿಮಗೆ ಬೇಸರವಾಗಲಾರದು.

ರಸ್ತೆ ಓವರ್ಸಿಯರನಾಗಿ ನಾನು ಈ ಬೆಟ್ಟವನ್ನು ಒಂದು ಆಯುಷ್ಯದಷ್ಟು ಹತ್ತಿ ಇಳಿದಿದ್ದೇನೆ. ಹುಟ್ಟಿದ್ದು ಕೆಳಗೆ, ಗುಂಡ್ಲುಪೇಟೆಯ ಕಡೆ. ಪರೀಕ್ಷೆ ಪಾಸು ಮಾಡಿ ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಬಳಿ ಇದ್ದದ್ದು ಒಂದು ಅಳತೆಯ ಟೇಪು, ಒಂದು ಕರಿಯ ಕೊಡೆ ಮತ್ತು ನನಗೆ ಎಲ್ಲವೂ ಗೊತ್ತು ಎಂಬ ನಂಬಿಕೆ. ಟೇಪು ಎರಡು ವರ್ಷಕ್ಕೆ ಹರಿಯಿತು. ನಂಬಿಕೆ ಅಷ್ಟು ದಿನವೂ ಬಾಳಲಿಲ್ಲ.

ಆಗ ಮೈಸೂರಿನಿಂದ ಬೆಟ್ಟಕ್ಕೆ ಬರುವವರಿಗೆ ಎತ್ತಿನ ಗಾಡಿಯೇ ಗತಿ. ಬಂಡೀಪುರದ ಕಾಡು ಕಳೆದು, ತೆಪ್ಪಕಾಡಿನಲ್ಲಿ ಹೊಳೆ ದಾಟಿ, ಗೂಡಲೂರು ಮುಟ್ಟಿ, ಅಲ್ಲಿಂದ ನಡುವಟ್ಟದ ಘಾಟಿ ಹತ್ತಬೇಕು. ಎತ್ತುಗಳ ಒಂದು ದಿನದ ನಡಿಗೆಗೆ ಒಂದರಂತೆ ದಾರಿಯಲ್ಲಿ ತಂಗುಬಂಗಲೆಗಳಿದ್ದವು. ಗೂಡಲೂರು ಇನ್ನೂ ಎರಡು ಹರದಾರಿ ಇದೆ ಎನ್ನುವಾಗ ಬಿದಿರು ಮೆಳೆಗಳ ನಡುವೆ ಒಂದು ಬಂಗಲೆ ಸಿಗುತ್ತಿತ್ತು. ಮುಂದೆ ಕಲ್ಲುಕಂಬದ ಜಗಲಿ, ನಡುವೆ ಒಂದು ಹಜಾರ, ಎರಡು ಕೋಣೆ, ಹಿಂದೆ ಗಾಡಿ ಬಿಡುವ ಕೊಟ್ಟಿಗೆ, ಒಂದು ಬಾವಿ. ಕಾಗದಪತ್ರದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಗಾಡಿಯವರು ಕರೆಯುತ್ತಿದ್ದದ್ದು ಹಳೇ ಬಂಗಲೆ ಎಂದು. ಇಂಥ ಮನೆಗಳಿಗೆ ಒಂದು ಗುಣವುಂಟು, ನೀವು ಗಮನಿಸಿರಬಹುದು. ಅವು ಯಾರ ಮನೆಯೂ ಅಲ್ಲ, ಆದರೂ ಒಳಗೆ ಕಾಲಿಟ್ಟವನು ಮೊದಲು ಹುಡುಕುವುದು ರುಮಾಲು ತೂಗುಹಾಕುವ ಮೊಳೆಯನ್ನು. ಮೊಳೆ ಸಿಕ್ಕಿದ ಮೇಲೆ ಮನೆ ಅವನದೇ. ಆ ಹಜಾರದ ಗೋಡೆಯಲ್ಲಿ ಮೊಳೆಗಳು ಎಷ್ಟಿದ್ದವೆಂದರೆ, ಒಂದು ದಂಡು ಬಂದು ಇಳಿದರೂ ರುಮಾಲಿಗೆ ಜಾಗವಿತ್ತು.

ಅಷ್ಟರಲ್ಲಿ ಮೋಟಾರು ಬಂತು. ಮೈಸೂರಿನಲ್ಲಿ ಬೆಳಿಗ್ಗೆ ಹೊರಟು ಸಂಜೆ ಬೆಟ್ಟ ಸೇರುವವರು ದಾರಿಯಲ್ಲಿ ಏಕೆ ತಂಗುತ್ತಾರೆ? ಹಳೆಯ ಬಂಗಲೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೆಡವಬೇಕು, ಒಂದೊಂದರ ವಯಸ್ಸೆಷ್ಟು, ಸ್ಥಿತಿ ಏನು ಎಂದು ನೋಡಿ ಬರೆಯುವಂತೆ ಇಂಜಿನಿಯರ್ ದೊರೆ ನನಗೆ ಹೇಳಿದರು. ಘಾಟಿಯ ತಿರುವುಗಳನ್ನು ಮೋಟಾರಿಗಾಗಿ ಅಗಲ ಮಾಡುವುದಿತ್ತು. ಅದಕ್ಕೆ ಬಂಗಲೆಗಳ ಕಂಬ, ತಳಪಾಯದ ಕಲ್ಲು ಬೇಕಾಗಿತ್ತು.

ಹಳೇ ಬಂಗಲೆಗೆ ನಾನು ಹೋದದ್ದು ಬೇಸಗೆಯ ಸುಡುಮಧ್ಯಾಹ್ನ. ಜಗಲಿಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಹುಣಸೆಹಣ್ಣು ಬಿಡಿಸುತ್ತಿದ್ದಳು. ಮೇಟಿ ಎಲ್ಲಿ ಎಂದು ಕೇಳಿದೆ. ಬಂಗಲೆ ನೋಡಿಕೊಳ್ಳುವ ಆಳಿಗೆ ಮೇಟಿ ಎನ್ನುವುದು ವಾಡಿಕೆ. ತನ್ನ ಗಂಡ ಸಿದ್ದಯ್ಯನೇ ಮೇಟಿಯಾಗಿದ್ದನೆಂದೂ, ಚಳಿಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಯಿತೆಂದೂ ಹೇಳಿದಳು. ಮತ್ತೆ ಈಗ ಯಾರು ನೋಡಿಕೊಳ್ಳುತ್ತಾರೆ ಎಂದೆ.

"ಅವ್ರಿದ್ದಾಗ ಅವ್ರ್ ನೋಡ್ಕತಿದ್ರು ಬುದ್ದಿ. ಈಗ ನಾ ನೋಡ್ಕತೀನಿ," ಎಂದು ಒಳಗೆ ಹೋಗಿ ಮಜ್ಜಿಗೆ ತಂದಳು. ಅವಳ ಹೆಸರು ಪುಟ್ಟಮಾದಮ್ಮ, ತವರು ಮಸಿನಗುಡಿ.

ಮಜ್ಜಿಗೆ ಕುಡಿದು ಕೊಡೆಯ ತುದಿಯಿಂದ ಗೋಡೆಯನ್ನು ಕುಟ್ಟಿದೆ. ಬೊಗಸೆಯಷ್ಟು ಕೆಮ್ಮಣ್ಣು ಉದುರಿತು. ಇನ್ನೊಂದು ಕಡೆ ಕುಟ್ಟಿದೆ, ಅಲ್ಲೂ ಮಣ್ಣು. ಇಷ್ಟು ಸಾಕೆನಿಸಿತು. ಜಗಲಿಯಲ್ಲೇ ನಿಂತು ಬರೆದೆ: ಗೋಡೆಗಳು ಮಣ್ಣಿನವು, ಇನ್ನೆರಡು ಮಳೆಗಾಲ ತಡೆಯಲಾರವು, ವಯಸ್ಸು ತಿಳಿಯದು, ನೋಡಿಕೊಳ್ಳುವವರು ಯಾರೂ ಇಲ್ಲ. ಆಕೆಯ ಮಜ್ಜಿಗೆ ನನ್ನ ಮೀಸೆಯ ಮೇಲೆ ಇನ್ನೂ ಆರಿರಲಿಲ್ಲ. ಯಾರೂ ಇಲ್ಲ ಎಂದು ಬರೆಯುವಾಗ ನನಗೆ ಏನೂ ಅನಿಸಲಿಲ್ಲ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೆಡವಬೇಕೆಂಬ ಹುಕುಂ ಬಂತು. ಬರೆದವನೇ ಮುಂದೆ ನಿಂತು ಕೆಡವಿಸಬೇಕು. ವೆಂಕಟಬೋವಿ ಎಂಬ ಕಲ್ಲುಕೆಲಸದ ಮೇಸ್ತ್ರಿಯನ್ನೂ ಆರು ಆಳುಗಳನ್ನೂ ಕರೆದುಕೊಂಡು ಹೋದೆ. ಪುಟ್ಟಮಾದಮ್ಮನಿಗೆ ವಿಷಯ ತಿಳಿಸಿದೆ. ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ಅದಕ್ಕೆ ಉತ್ತರಗಳನ್ನು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದೆ. ಅವಳು ಆಳುಗಳ ತಲೆ ಎಣಿಸಿ, ಅಷ್ಟು ಮಂದಿಗೆ ಮುದ್ದೆ ಆಗಬೇಕಲ್ಲವೆ ಎಂದು ಕೇಳಿ ಒಳಗೆ ಹೋದಳು. ನನ್ನ ಉತ್ತರಗಳು ನನ್ನ ಬಳಿಯೇ ಉಳಿದವು.

ಮೊದಲ ಹಾರೆ ಕೊಟ್ಟಿಗೆಯ ಮೂಲೆಗೆ ಬಿತ್ತು. ಮಣ್ಣು ದಡದಡನೆ ಜಾರಿತು. ನಾನು ಮೀಸೆ ಸವರಿಕೊಂಡೆ. ಎರಡನೆಯ ಹಾರೆ ಠಣ್ ಎಂದು ಮೇಲಕ್ಕೆ ಹಾರಿತು. ಮೂರನೆಯದೂ ಹಾಗೇ. ವೆಂಕಟಬೋವಿ ಆಳನ್ನು ಪಕ್ಕಕ್ಕೆ ಸರಿಸಿ, ಮಣ್ಣನ್ನು ಅಂಗೈಯಿಂದ ಒರೆಸಿ ನೋಡಿದ. ಒಳಗೆ ಒಂದಕ್ಕೊಂದು ತಬ್ಬಿ ಕೂತ ಕಲ್ಲು, ನಡುವೆ ಕಲ್ಲಿಗಿಂತ ಗಟ್ಟಿಯಾದ ಗಾರೆ. ಅವನು ಗಾರೆಯ ಒಂದು ಚೂರನ್ನು ಕೆರೆದು ನಾಲಗೆಗೆ ತಾಗಿಸಿಕೊಂಡ. ಬೆಲ್ಲ ಹಾಕಿ ಅರೆದದ್ದು ಎಂದ. ನಾನು ನೋಡಿದ್ದ ಮಣ್ಣು ಗೋಡೆಯ ಮಣ್ಣೇ ಅಲ್ಲ. ಹಿಂದಿನ ಮೇಟಿಗಳೆಲ್ಲ ದೀಪಾವಳಿಗೆ ಮುಂಚೆ ವರ್ಷಕ್ಕೊಂದು ಸಲ ಬಳಿದ ಕೆಮ್ಮಣ್ಣಿನ ಪದರಗಳು ಸೇರಿ ಗೇಣುದ್ದ ದಪ್ಪವಾಗಿದ್ದವು. ವೆಂಕಟಬೋವಿಯೂ ನಾನೂ ಕುಕ್ಕುರುಗಾಲಲ್ಲಿ ಕೂತು ಆ ಪದರಗಳನ್ನು ಎಣಿಸಲು ನೋಡಿದೆವು. ಐವತ್ತರವರೆಗೆ ಲೆಕ್ಕ ಸಿಕ್ಕಿತು. ಅದರ ಮುಂದಿನವು ಒಂದರೊಳಗೊಂದು ಕರಗಿ ಹೋಗಿದ್ದವು.

ಸಂಜೆಯವರೆಗೆ ಏಳು ಜನ ಹಾರೆ ಹಾಕಿದರು. ಕೊಟ್ಟಿಗೆಯ ಒಂದು ಮೂಲೆ, ಆಳುದ್ದ, ಅಷ್ಟೇ ಬಿದ್ದದ್ದು. ಎರಡು ಹಾರೆಗಳ ಮೊನೆ ಬಾಗಿತು. ನಮ್ಮ ಬಳಿ ಘಾಟಿಯ ಬಂಡೆ ಸಿಡಿಸಲೆಂದು ತಂದ ಮದ್ದು ಇತ್ತು. ಮದ್ದಿಟ್ಟರೆ ಒಂದು ಗಳಿಗೆಯ ಕೆಲಸ. ಕಟ್ಟಡ ಹಾರಿಹೋದರೆ ನಾನು ಬರೆದದ್ದು ಸುಳ್ಳೆಂದು ಹೇಳುವವರು ಯಾರೂ ಉಳಿಯುವುದಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನನಗೆ ಆಗ ಬೇಕಾಗಿದ್ದದ್ದು ಕಲ್ಲಲ್ಲ. ನನ್ನ ತಪ್ಪು ಹುಗಿದುಹೋಗಬೇಕಾಗಿತ್ತು. ಮದ್ದಿಡೋಣವೆ ಎಂದು ಮೇಸ್ತ್ರಿಯನ್ನು ಕೇಳಿದೆ.

ವೆಂಕಟಬೋವಿ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. "ಇಡು ಅಂದ್ರೆ ಇಡ್ತೀನಿ ಸ್ವಾಮಿ. ಆದ್ರೆ ಇಂಥಾ ಗೋಡೆ ಕಟ್ಟು ಅಂದ್ರೆ ನನ್ ಕೈಲಾಗಲ್ಲ. ಅದೊಂದ್ ತಿಳ್ಕಂಡು ಹೇಳಿ."

ಒಳಗೆ ಪುಟ್ಟಮಾದಮ್ಮ ತನ್ನ ಸಾಮಾನು ಹೊರಗೆ ಸಾಗಿಸುತ್ತಿದ್ದಳು. ಬೀಸುವ ಕಲ್ಲು, ಲಾಟೀನು, ಒಂದು ಹಿತ್ತಾಳೆ ಕೊಡ, ಸಿದ್ದಯ್ಯನ ಕಂಬಳಿ. ಎಲ್ಲವನ್ನೂ ಹುಣಸೆಮರದ ಬುಡದಲ್ಲಿ ಜೋಡಿಸಿ, ಮತ್ತೆ ಒಳಗೆ ಹೋಗಿ ಹಜಾರವನ್ನು ಗುಡಿಸತೊಡಗಿದಳು. ಮೂಲೆ ಮೂಲೆಗೂ ಬಗ್ಗಿ, ಹಬ್ಬಕ್ಕೆ ಗುಡಿಸುವ ಹಾಗೆ. ಬಾಗಿಲಲ್ಲಿ ನಿಂತು, ನಾಳೆ ಇಲ್ಲದ ಮನೆಯನ್ನು ಏಕೆ ಗುಡಿಸುತ್ತೀಯೆ ಎಂದು ಕೇಳಿದೆ.

"ಇವತ್ ಯಾರಾರ ಬಂದ್ರೆ?" ಎಂದಳು.

ಬಂದರು. ಇನ್ನೂ ಬೆಳಕಿತ್ತು. ಗೂಡಲೂರು ಸಂತೆಗೆ ಮಡಕೆ ಒಯ್ಯುತ್ತಿದ್ದ ಕುಂಬಾರರ ಎರಡು ಗಾಡಿಗಳು ಬಾವಿಯ ಹತ್ತಿರ ನಿಂತವು. ಒಂದು ಗಾಡಿಯ ಎತ್ತು ಕುಂಟುತ್ತಿತ್ತು. ಹುಲ್ಲಿನ ನಡುವೆ ಮಡಕೆಗಳು, ಮಡಕೆಗಳ ನಡುವೆ ಒಬ್ಬ ಮುದುಕಿ. ಕುಂಬಾರ ಬಿದ್ದ ಗೋಡೆಯನ್ನು ನೋಡಿದ, ಹಾರೆಗಳನ್ನು ನೋಡಿದ, ಇಲ್ಲಿ ಇಳಿಯಬಹುದೋ ಇಲ್ಲವೋ ಎಂದು ಪುಟ್ಟಮಾದಮ್ಮನನ್ನು ಕೇಳಿದ. ಅಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ಅವಳು ಯಾರ ಅಪ್ಪಣೆಯನ್ನೂ ಕೇಳಿರಲಾರಳು. ಆ ದಿನ ಪೊರಕೆ ಹಿಡಿದುಕೊಂಡು ನನ್ನ ಮುಖ ನೋಡಿದಳು. ಆಳುಗಳೂ ನೋಡಿದರು, ವೆಂಕಟಬೋವಿಯೂ ನೋಡಿದ.

"ಇಳೀಲಿ," ಎಂದೆ.

ನನ್ನ ಬಾಯಿಂದ ಬಂದದ್ದು ಆ ಒಂದೇ ಮಾತು. ಆಮೇಲೆ ಮುದುಕಿಯನ್ನು ಎತ್ತಿ ಇಳಿಸಿದ್ದು, ಮಡಕೆಗಳನ್ನು ಒಂದೊಂದಾಗಿ ಹಜಾರದಲ್ಲಿ ಸಾಲಾಗಿ ಇಟ್ಟದ್ದು ಎಲ್ಲ ನಮ್ಮ ಆಳುಗಳೇ. ಬೆಳಗಿನಿಂದ ಆ ಮನೆಗೆ ಹಾರೆ ಹಾಕಿದ ಕೈಗಳು ಈಗ ಅದೇ ಮನೆಯೊಳಗೆ ಒಂದು ಮಡಕೆಯೂ ತಟ್ಟದ ಹಾಗೆ ಓಡಾಡುತ್ತಿದ್ದವು. ಕುಂಬಾರ ಗೋಡೆ ನೋಡುತ್ತ ಬಂದು, ಮೊಳೆ ಹುಡುಕಿ, ರುಮಾಲು ತೂಗುಹಾಕಿದ. ಪುಟ್ಟಮಾದಮ್ಮ ಮರದ ಬುಡದಿಂದ ಬೀಸುವ ಕಲ್ಲನ್ನು ಒಳಗೆ ತಂದಳು.

ಮಾರನೆಯ ಬೆಳಿಗ್ಗೆ ಗಾಡಿಗಳು ಹೊರಟ ಮೇಲೆ ನಾನು ದೊರೆಗೆ ಕಾಗದ ಬರೆದೆ. ಎರಡು ಹಾಳೆ ಹರಿದೆ. ಒಂದರಲ್ಲಿ ತಪ್ಪನ್ನು ಮಳೆಯ ಮೇಲೆ ಹಾಕಿದ್ದೆ, ಇನ್ನೊಂದರಲ್ಲಿ ಹಿಂದಿನ ಓವರ್ಸಿಯರನ ಮೇಲೆ. ಮೂರನೆಯದರಲ್ಲಿ, ನಾನು ನೋಡಿದ್ದು ಗೋಡೆಯ ಅಂಗಿಯನ್ನು ಮಾತ್ರ, ಗೋಡೆಯನ್ನಲ್ಲ, ಈ ಕಟ್ಟಡ ನನಗಿಂತಲೂ ದೊರೆಗಳಿಗಿಂತಲೂ ಹೆಚ್ಚು ಕಾಲ ಇರುತ್ತದೆ, ಇದನ್ನು ಒಬ್ಬಾಕೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ಎಂದು ಬರೆದೆ. ಕಾಗದ ಕೊಟ್ಟು ಆಳನ್ನು ಕಳಿಸಿದ ಮೇಲೆ ದೊರೆಗಳ ಆಯುಸ್ಸಿನ ಮಾತು ಬೇಡವಾಗಿತ್ತು ಎನಿಸಿ ಅವನನ್ನು ಹಿಂದಕ್ಕೆ ಕೂಗಿದೆ. ಅಷ್ಟು ಹೊತ್ತಿಗೆ ಆಳು ತಿರುವು ದಾಟಿದ್ದ.

ಉತ್ತರ ಬರುವತನಕ ಸುಮ್ಮನಿರಲಾರದೆ ಕಟ್ಟಡದ ವಯಸ್ಸು ಕೇಳುತ್ತ ತಿರುಗಿದೆ. ಮೇಲಿನ ಹಟ್ಟಿಯಿಂದ ಸಂತೆಗೆ ಇಳಿದಿದ್ದ ಬೆಳ್ಳಿಗೌಡರೆಂಬ ಬಡಗರ ಹಿರಿಯರನ್ನು ಕೇಳಿದೆ. ತಮ್ಮ ತಂದೆ ಹರೆಯದಲ್ಲಿ ಆ ಮನೆಯ ಜಂತೆ ಬದಲಿಸಲು ಮರ ಹೊತ್ತಿದ್ದರೆಂದು ತಮ್ಮ ಬಡಗ ನುಡಿಯಲ್ಲಿ ಹೇಳಿದರು. ಜಂತೆ ಬದಲಿಸುವಷ್ಟು ಹಳತು ಆಗಲೇ ಆಗಿತ್ತು ಎಂದ ಹಾಗಾಯಿತು. ಹಳೆಯ ಕಾಗದಗಳ ಪೆಟ್ಟಿಗೆ ತೆಗೆಸಿದರೆ ಒಳಗೆ ಗೆದ್ದಲು ಮಣ್ಣು. ಕೊನೆಗೆ ಪುಟ್ಟಮಾದಮ್ಮನನ್ನೇ ಕೇಳಿದೆ. ಅವಳು ರಾಗಿ ಕೇರುವುದನ್ನು ನಿಲ್ಲಿಸದೆ ಹೇಳಿದಳು.

"ನಮ್ಮತ್ತೆ ಮದುವ್ಯಾಗಿ ಇಲ್ಲಿಗ್ ಬಂದಾಗ್ಲೇ ಇದ್ಕೆ ಹಳೇ ಬಂಗ್ಲೆ ಅಂತಿದ್ರಂತೆ ಬುದ್ದಿ."

ನಾಲ್ಕನೆಯ ದಿನ ದೊರೆ ಕುದುರೆಯ ಮೇಲೆ ತಾವೇ ಬಂದರು. ಗೋಡೆಯನ್ನು ಬೆತ್ತದಿಂದ ತಟ್ಟಿ, ನಾವು ಕೆಡವಿದ ಮೂಲೆಯನ್ನು ಬಹಳ ಹೊತ್ತು ನೋಡಿದರು. ವಯಸ್ಸೆಷ್ಟು ಎಂದು ಕೇಳಿದರು. ಪುಟ್ಟಮಾದಮ್ಮ ಹೇಳಿದ್ದನ್ನೇ ಹೇಳಿದೆ. ಅವರು ನಕ್ಕರು. ನಗು ನಿಂತ ಮೇಲೆ, ಕೆಡವಿದ ಮೂಲೆಯನ್ನು ನಾನೇ ಮುಂದೆ ನಿಂತು ಕಟ್ಟಿಸಬೇಕೆಂದೂ, ಇನ್ನು ಮೇಲೆ ಪ್ರತಿ ಮಳೆಗಾಲದ ನಂತರ ನಾನೇ ಬಂದು ಈ ಬಂಗಲೆಯನ್ನು ನೋಡಿ ಬರೆಯಬೇಕೆಂದೂ ಹೇಳಿದರು. ನೋಡಿಕೊಳ್ಳುವ ಹೆಂಗಸು ಯಾರು ಎಂದರು. ಅವಳ ಹೆಸರು ಹೇಳಿದೆ. ಮೇಟಿಯ ಹೆಸರಿನ ಜಾಗದಲ್ಲಿ ಅದನ್ನೇ ಬರೆ ಎಂದರು. ಬರೆದೆ. ಅವಳಿಗೆ ಓದು ಬಾರದು. ಆದರೂ ಬರೆದದ್ದನ್ನು ನನ್ನ ಭುಜದ ಹಿಂದೆ ನಿಂತು ನೋಡಿದಳು.

ಆ ಮೂಲೆಯನ್ನು ನಾನು ಹೊಸ ಪದ್ಧತಿಯಲ್ಲಿ, ಸಿಮೆಂಟು ತರಿಸಿ ಕಟ್ಟಿಸಿದೆ. ಆಗಲೂ ನನಗೆ ಸ್ವಲ್ಪ ಜಂಭ ಉಳಿದಿತ್ತು ನೋಡಿ. ಮೊದಲ ಮಳೆಗೇ ಬಿರುಕು ಬಿಟ್ಟಿತು. ಮರುವರ್ಷ ಮುಚ್ಚಿಸಿದೆ, ಮತ್ತೆ ಬಿಟ್ಟಿತು. ಇಡೀ ಬಂಗಲೆಯಲ್ಲಿ ಸೋರುವುದು ಅದೊಂದೇ ಜಾಗ. ಗಾಡಿಯವರು ಅದಕ್ಕೆ ಓವರ್ಸಿಯರ ಮೂಲೆ ಎಂದು ಹೆಸರಿಟ್ಟರು. ಎತ್ತು ಕಟ್ಟುವಾಗ, ಓವರ್ಸಿಯರ ಮೂಲೆ ಬಿಟ್ಟು ಕಟ್ಟು ಎಂದು ಕೂಗುವುದನ್ನು ನಾನೇ ಕೇಳಿದ್ದೇನೆ.

ಇನ್ನು ಮೋಟಾರಿನ ವಿಷಯ. ಅದು ಬಂದರೆ ಬಂಗಲೆ ಹಾಳಾಗುತ್ತದೆ ಎಂದಲ್ಲವೆ ನಾವೆಲ್ಲ ತಿಳಿದದ್ದು? ಮೈಸೂರಿನಿಂದ ಬಂದ ಮೋಟಾರು ಘಾಟಿ ಹತ್ತುವ ಮೊದಲು ಹೊಗೆಯಾಡುತ್ತ ಎಲ್ಲಾದರೂ ನಿಲ್ಲಲೇಬೇಕು, ನೀರು ಕುಡಿಯಲೇಬೇಕು. ಆ ದಾರಿಯಲ್ಲಿ ಬೇಸಗೆಯಲ್ಲೂ ಬತ್ತದ ಬಾವಿ ಹಳೇ ಬಂಗಲೆಯದು. ಯಂತ್ರ ತಣ್ಣಗಾಗುವತನಕ ಜನ ಜಗಲಿಯಲ್ಲಿ ಕೂರತೊಡಗಿದರು. ಪುಟ್ಟಮಾದಮ್ಮ ಮಜ್ಜಿಗೆಯ ಜೊತೆಗೆ ಕಾಫಿ ಮಾಡುವುದನ್ನೂ ಕಲಿತಳು. ಆ ದಾರಿಯ ಇನ್ನೆರಡು ಬಂಗಲೆಗಳನ್ನೂ ನಾನು ಮಣ್ಣಿನವೆಂದು ಬರೆದಿದ್ದೆ, ಅವು ನಿಜವಾಗಿ ಮಣ್ಣಿನವೇ ಆಗಿದ್ದವು, ಹೋದವು. ಇದು ನಿಂತಿತು. ಪ್ರತಿವರ್ಷ ಮಳೆ ನಿಂತ ಮೇಲೆ ನಾನು ಹೋಗಿ, ಸೂರು ನೋಡಿ, ಬಾವಿ ನೋಡಿ, ನನ್ನ ಮೂಲೆಯನ್ನು ನೋಡಿ ಮುಖ ಸಿಂಡರಿಸಿ, ಬರೆದುಕೊಂಡು ಬರುತ್ತಿದ್ದೆ. ಕೆಲಸದಿಂದ ನಿವೃತ್ತನಾಗುವವರೆಗೂ ಅದು ತಪ್ಪಲಿಲ್ಲ.

ಎದುರು ಮನೆಯವರ ಗಾಣ ಶುರುವಾದ ಮೂರನೆಯ ದಿನ ಗುಂಡ್ಲುಪೇಟೆಗೆ ನೆಂಟರ ಮದುವೆಗೆ ಹೋಗಬೇಕಾಯಿತು. ಹಿಂತಿರುಗುವಾಗ ಬಸ್ಸು ಹಳೇ ಬಂಗಲೆಯ ಮುಂದೆ ನಿಂತಿತು. ನಾನು ಇಳಿದು, ಅಭ್ಯಾಸಬಲದಿಂದ, ಕತ್ತೆತ್ತಿ ಸೂರು ನೋಡುತ್ತ ಮನೆಯ ಸುತ್ತ ಹೊರಟೆ. ಈಗ ಕೆಲಸವೆಲ್ಲ ಪುಟ್ಟಮಾದಮ್ಮನ ಸೊಸೆಯದು. ಮುದುಕಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣು ಅಷ್ಟಾಗಿ ಕಾಣುವುದಿಲ್ಲ, ನಡಿಗೆಯಿಂದಲೇ ನನ್ನ ಗುರುತು ಹಿಡಿದಳು. ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿದಳು.

"ಇಷ್ಟ್ ವರ್ಸ ಬಂದ್ರಿ, ಹೋದ್ರಿ. ಒಂದ್ ದಿನಾನೂ ಕುಂತಿಲ್ಲ. ಈಗಾರ ಕುಂತ್ಕಳಪ್ಪ."

ಬುದ್ದಿ ಎನ್ನದೆ ಅಪ್ಪ ಎಂದು ಕರೆದದ್ದು ಅದೇ ಮೊದಲು. ಯೋಚಿಸಿದರೆ ಅವಳು ಹೇಳಿದ್ದು ನಿಜ. ಆ ಮನೆಯಲ್ಲಿ ನಾನು ನಿಂತಿದ್ದೇನೆ, ಬಗ್ಗಿ ನೋಡಿದ್ದೇನೆ, ಏಣಿ ಹತ್ತಿದ್ದೇನೆ. ಆ ಜಗಲಿಯಲ್ಲಿ ಸುಮ್ಮನೆ ಒಂದು ಗಳಿಗೆ ಕೂತಿರಲಿಲ್ಲ. ಕೂತೆ. ಕಲ್ಲು ತಣ್ಣಗಿತ್ತು. ಬಿದಿರು ಮೆಳೆಯ ಕಡೆಯಿಂದ ಗಾಳಿ ಬಂತು. ಸೊಸೆ ಕಾಫಿ ತಂದಳು. ಬಸ್ಸಿನವನು ಹಾರನ್ ಒತ್ತಿದ, ಮತ್ತೊಮ್ಮೆ ಒತ್ತಿದ. ನೀನು ಹೋಗು ಎಂದು ಕೈ ಆಡಿಸಿದೆ. ಬಸ್ಸು ಧೂಳೆಬ್ಬಿಸಿಕೊಂಡು ಘಾಟಿಯ ಕಡೆಗೆ ಹೋಯಿತು. ನಾನು ಚಪ್ಪಲಿ ಬಿಟ್ಟು, ಕಾಲು ಚಾಚಿದೆ.