ಒದ್ದೆ ಕೈ

ಎರಡು ಸಾವಿರದ ಹನ್ನೆರಡರಲ್ಲಿ ಎಂಟನೇ ಕ್ಲಾಸಿಗೆ ಓದು ಬಿಟ್ಟು, ಚಿನಕುರಳಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದೆ. ಕರಣೆ ಹಿಡಿಯಲು ಕಲಿಸಿದವರು ನಾಗಮಂಗಲ ಕಡೆಯ ಮೇಸ್ತ್ರಿ. ಕೂಲಿಯನ್ನೆಲ್ಲ ಊರಿಗೆ ಕಳಿಸುತ್ತಿದ್ದರು. ಅವರ ರೇಷನ್ ಕಾರ್ಡೂ ಊರಲ್ಲೇ ಇತ್ತು.

ಮಧ್ಯಾಹ್ನ ನಾವು ಬುತ್ತಿ ಬಿಚ್ಚುವಾಗ ಅವರು ಮಾಯ. ಆಮೇಲೆ ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸುತ್ತಾ ಬಂದು, "ನಂದಾಯ್ತು ಕಣ್ಲಾ, ನೀನ್ ಉಣ್ಕೊ" ಅನ್ನುತ್ತಿದ್ದರು.

"ಏನಣ್ಣೋ, ದಿನಾ ಒಬ್ನೇ ಬಾಡೂಟ ಹೊಡ್ಕಂಡ್ ಬತ್ತೀಯಾ?" ಎಂದು ನಾನು ರೇಗಿಸುತ್ತಿದ್ದೆ. ಅವರೂ ನಗುತ್ತಿದ್ದರು.

ಒಂದು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಅವರು ಎಂದಿನಂತೆ ಕೈ ಒರೆಸುತ್ತಲೇ ಬಂದರು. ಬಲಗೈ ಬೆರಳುಗಳ ಮೇಲೆ ಬೆಳಗಿನ ಸಿಮೆಂಟು ಹಾಗೇ ಒಣಗಿತ್ತು. ಆ ಕೈ ಅನ್ನ ಮುಟ್ಟಿರಲೇ ಇಲ್ಲ. ನಾನು ನೋಡಿದ್ದು ಅವರಿಗೂ ಗೊತ್ತಾಯಿತು.

"ಬಾರಣ್ಣೋ, ಒಂದ್ ತುತ್ತು ಉಣ್ಣು."

"ಎಂಜ್ಲು ಮುದ್ದೆ ಉಣ್ಣುಸ್ತೀಯೇನ್ಲಾ? ನಂದಾಯ್ತು ಬುಡು."

ನಿಜ, ಇದ್ದ ಒಂದೇ ಮುದ್ದೆಗೆ ನಾನು ಆಗಲೇ ಕೈ ಇಟ್ಟಿದ್ದೆ.

ಮಾರನೆಯ ದಿನ ಮುಟ್ಟುವ ಮೊದಲೇ ಅರ್ಧ ಎತ್ತಿಟ್ಟು ಕಾದೆ. ಅವರು ಬರಲಿಲ್ಲ. ಶೆಡ್ಡಿನಲ್ಲಿ ಅವರ ಚೀಲವೂ ಇರಲಿಲ್ಲ.

ನಾನು ಕಟ್ಟಿದ ಗೋಡೆ ಇವತ್ತಿಗೂ ವಾಲಿಲ್ಲ. ಈಗ ಊರಲ್ಲಿ ನನಗೆ ಒಂದು ಮನೆ, ಎರಡು ಹಸು, ಕೈಕೆಳಗೆ ನಾಲ್ಕು ಆಳು. ಮಧ್ಯಾಹ್ನದ ಬುತ್ತಿಯಲ್ಲಿ ಎರಡು ಮುದ್ದೆ, ಒಂದನ್ನು ಮುಟ್ಟದೆ ಎತ್ತಿಡುತ್ತೇನೆ.